ಯಾವ ಗಾಡಿ, ಯಾವ ಮಾಡೆಲ್, ಯಾವ ಕಡೆಯದು?

ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಸರಸ್ವತಿಪುರಂ ಕಡೆಯ ಹಳೆಯ ಮನೆಗಳ ಕಾರ್ ಶೆಡ್ಡುಗಳಿಗೆ ವರ್ಷಕ್ಕೊಮ್ಮೆ, ಆಯುಧಪೂಜೆಯ ಮುನ್ನಾದಿನ, ಬಿಡುಗಡೆ. ಒಳಗಿದ್ದುದೆಲ್ಲ ಅಂಗಳಕ್ಕೆ ಬರುತ್ತದೆ. ಅಂಬಾಸಿಡರಿನ ರೇಡಿಯೇಟರ್, ಫಿಯಟ್ಟಿನ ಒಂಟಿ ವೀಲ್ ಕಪ್ಪು, ಮಾರುತಿ 800ರ ಎರಡು ಬಾಗಿಲು, ಯಾವುದಕ್ಕೆ ಸೇರಿದ್ದೋ ಗೊತ್ತಿಲ್ಲದ ಸೆಲ್ಫ್ ಮೋಟಾರು, ಡಾಲ್ಡಾ ಡಬ್ಬದ ತುಂಬ ಗ್ರೀಸು ಮೆತ್ತಿದ ನಟ್ಟು ಬೋಲ್ಟು. ಧೂಳು ಹೊಡೆದು, ಅರಿಶಿನ ಕುಂಕುಮ ಇಟ್ಟು, ಮರುದಿನ ಸಂಜೆ ಎಲ್ಲವನ್ನೂ ಮತ್ತೆ ಅದೇ ಮೂಲೆಗೆ ಸೇರಿಸುತ್ತಾರೆ. ಹೋದ ವರ್ಷ ಸಾಲ ಮಾಡಿ ಕೊಂಡ ಹೊಸ ಕಾರು ಮಾತ್ರ ರಸ್ತೆಯಲ್ಲಿ, ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿರುತ್ತದೆ.

ಇಷ್ಟೆಲ್ಲ ಸೇರಿದ್ದು ಹೇಗೆ? ಮೊದಲನೆಯದಾಗಿ ಅಭಾವದಿಂದ. 1980ರ ದಶಕದ ಆರಂಭದವರೆಗೂ ನಮ್ಮಲ್ಲಿ ಕಾರೆಂದರೆ ಹಿಂದುಸ್ತಾನ್ ಮೋಟರ್ಸ್‌ನ ಅಂಬಾಸಿಡರ್, ಪ್ರೀಮಿಯರ್ ಕಂಪನಿಯ ಫಿಯಟ್, ಅಲ್ಲೊಂದು ಇಲ್ಲೊಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾರಿಗಾಗಿ ಅಷ್ಟು ಕಾದವರು ಅದರ ಒಂದು ತುಂಡನ್ನಾದರೂ ಬಿಸಾಡುವುದುಂಟೆ? ಎರಡನೆಯದು ಅನುಮಾನ. ಗ್ಯಾರೇಜಿನಿಂದ ಗಾಡಿ ಬಿಡಿಸಿಕೊಂಡು ಬರುವಾಗ "ಹಳೇ ಪಾರ್ಟ್ ಎಲ್ಲಪ್ಪಾ?" ಎಂದು ಕೇಳಿ ಇಸಿದುಕೊಳ್ಳುವುದು ಆಗಿನ ಯಜಮಾನರ ರೂಢಿ, ಈಗಲೂ ಹಲವರು ಬಿಟ್ಟಿಲ್ಲ. ಹೊಸದು ಹಾಕಿದ್ದಕ್ಕೆ ಹಳೆಯದೇ ರಸೀದಿ. ಆ ರಸೀದಿಗಳೆಲ್ಲ ಡಿಕ್ಕಿಯಿಂದ ಶೆಡ್ಡಿಗಿಳಿದು ಅಲ್ಲೇ ಉಳಿದವು. ಹೀಗಾಗಿ ಶೆಡ್ಡಿನಲ್ಲಿರುವ ಸಾಮಾನಿನಲ್ಲಿ ಎರಡು ಕುಲ: ಕೆಟ್ಟಿತೆಂದೇ ಬಿಚ್ಚಿ ತಂದದ್ದು ಒಂದು, ಮುಂದೆ ಸಿಗದೇ ಹೋದೀತೆಂದು ಹೊಸದಾಗಿ ಕೊಂಡಿಟ್ಟು ಮರೆತದ್ದು ಇನ್ನೊಂದು. ಮಾರಲು ಹೊರಟವರು ಮೊದಲು ಇವೆರಡನ್ನು ಬೇರೆ ಮಾಡಬೇಕು. ನೋಡಲು ಎರಡೂ ಒಂದೇ ಥರ ಕಪ್ಪಗಿರುತ್ತವೆ.

ಬೆಂಗಳೂರಿನಲ್ಲಿ ಹೊಸ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಬಿಚ್ಚಿದ ಸಾಮಾನಿಗೆ ಶಿವಾಜಿನಗರದ ಗುಜರಿ. ಚೆನ್ನೈನವರಿಗೆ ಪುದುಪೇಟೆ, ಕೋಲ್ಕತ್ತದವರಿಗೆ ಮಲ್ಲಿಕ್ ಬಜಾರ್, ದೆಹಲಿಯವರಿಗೆ ಮಾಯಾಪುರಿ ಇದ್ದ ಹಾಗೆ. ಇಲ್ಲಿ ಯಾವ ಅಂಗಡಿಗೆ ಹೋಗಿ "ಒಂದು ಪಾರ್ಟ್ ಇದೆ, ತಗೋತೀರಾ?" ಎಂದರೂ ಉತ್ತರವಾಗಿ ಬರುವುದು ಮೂರು ಪ್ರಶ್ನೆ: ಯಾವ ಗಾಡಿ, ಯಾವ ಮಾಡೆಲ್, ಯಾವ ಕಡೆಯದು? ಮೂರಕ್ಕೂ ಉತ್ತರ ಗೊತ್ತಿದ್ದರೆ ನಿಮ್ಮ ಕೈಯಲ್ಲಿರುವುದು ಬಿಡಿಭಾಗ. ಗೊತ್ತಿಲ್ಲವೆಂದರೆ ಅದು ಕಬ್ಬಿಣ, ತಕ್ಕಡಿಗೆ ಹಾಕಿ ಎನ್ನುತ್ತಾರೆ. ಅಂಗಡಿಯವರಿಗೆ ನೋಡಿದ ಕೂಡಲೇ ಗೊತ್ತಾಗಿರುತ್ತದೆ, ಬಾಯಿ ಬಿಡುವುದಿಲ್ಲ ಅಷ್ಟೆ. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಅವರ ಲಾಭ ಇರುವುದೇ ಆ ತಿಳಿವಳಿಕೆಯಲ್ಲಿ. ಸಾಮಾನನ್ನು ಗುರುತಿಸುವ ಶ್ರಮ ನೀವು ಪಟ್ಟರೆ ಆ ಲಾಭದಲ್ಲಿ ಒಂದು ಪಾಲು ನಿಮ್ಮದು, ಪಡದಿದ್ದರೆ ಪೂರ್ತಿ ಅವರದು.

ಗುರುತಿಸುವುದು ಎಂದರೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ಮಾರುತಿ 800ನ್ನೇ ನೋಡಿ. 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿಯವರೆಗೆ ತಯಾರಾದ ಗಾಡಿ. ಹೆಸರೊಂದೇ, ಒಳಗೆ ಹಲವು ಅವತಾರ. ಮೊದಲು ಬಂದ ಎಸ್‌ಎಸ್80ಯ ಮೈಕಟ್ಟು 1986ರಲ್ಲಿ ಪೂರ್ತಿ ಬದಲಾಯಿತು. ಹಾಗಾಗಿ ಅದರ ಹಿಂದಿನ ಲೈಟು, ಬಾನೆಟ್ಟು, ಡ್ಯಾಶ್‌ಬೋರ್ಡು ಆಮೇಲಿನದಕ್ಕೆ ಕೂರುವುದಿಲ್ಲ. ಅದಕ್ಕೇ ಅವನ್ನು ಹುಡುಕಿಕೊಂಡು ಬರುವವರು ಚೌಕಾಸಿಗೆ ಹೆಚ್ಚು ನಿಲ್ಲುವುದಿಲ್ಲ. ಎಂಜಿನ್ನಿನಲ್ಲೂ ಕಾರ್ಬ್ಯುರೇಟರಿನದು ಬೇರೆ, ಆಮೇಲೆ ಬಂದ ಎಂಪಿಎಫ್‌ಐ ಬೇರೆ. 796 ಸಿಸಿಯ ಅದೇ ಮೂರು ಸಿಲಿಂಡರಿನ ಎಂಜಿನ್ನು ಓಮ್ನಿಯಲ್ಲೂ ಇತ್ತಾದ್ದರಿಂದ ಎಂಜಿನ್ನಿನ ಎಷ್ಟೋ ಸಾಮಾನು ಎರಡಕ್ಕೂ ನಡೆಯುತ್ತದೆ. ಗೇರ್‌ಬಾಕ್ಸ್ ನಡೆಯುವುದಿಲ್ಲ. 800 ಮುಂದಿನ ಚಕ್ರದಿಂದ ಎಳೆಯುವ ಗಾಡಿ, ಓಮ್ನಿ ಹಿಂದಿನ ಚಕ್ರದಿಂದ ತಳ್ಳುವ ಗಾಡಿ.

ಅಂಬಾಸಿಡರ್ ಇನ್ನೂ ಉದ್ದನೆಯ ಕಥೆ. 1950ರ ದಶಕದ ಕೊನೆಯಿಂದ 2014ರವರೆಗೆ ಉತ್ತರಪಾರದ ಕಾರ್ಖಾನೆಯಿಂದ ಹೊರಬಂದ ಗಾಡಿಗಳು ದೂರದಿಂದ ಒಂದೇ ಥರ ಕಂಡರೂ, 1963ರ ಮಾರ್ಕ್ 2, 1975ರ ಮಾರ್ಕ್ 3, 1979ರ ಮಾರ್ಕ್ 4 ಎನ್ನುತ್ತ ಮುಖದ ಗ್ರಿಲ್ಲು ಬದಲಾಗುತ್ತ ಹೋಯಿತು. 1990ರ ದಶಕದಲ್ಲಿ ಇಸುಜು ವಿನ್ಯಾಸದ 1.8 ಲೀಟರಿನ ಪೆಟ್ರೋಲ್ ಎಂಜಿನ್ ಬಂದ ಮೇಲೆ ಹಳೆಯ 1489 ಸಿಸಿ ಎಂಜಿನ್ನಿನ ಸಾಮಾನಿನ ವಂಶವೇ ಬೇರೆಯಾಯಿತು. ಫಿಯಟ್ಟಿನಲ್ಲಿ 1964ರಿಂದ 1100-ಡಿ, ಅದಕ್ಕೇ 1974ರಲ್ಲಿ ಪದ್ಮಿನಿ ಎಂಬ ನಾಮಕರಣ. ಸ್ಟೀರಿಂಗಿನ ಪಕ್ಕದಲ್ಲಿ ಹ್ಯಾಂಡ್ ಗೇರು, 1089 ಸಿಸಿಯ ಎಂಜಿನ್ನು.

ಸಾಮಾನನ್ನು ಹಿಡಿದುಕೊಂಡು ಇಷ್ಟೆಲ್ಲ ಇತಿಹಾಸ ನೆನಪಿಟ್ಟುಕೊಳ್ಳಬೇಕಿಲ್ಲ. ಬಹುಪಾಲು ಭಾಗಗಳ ಮೈಮೇಲೇ ನಂಬರು ಅಚ್ಚಾಗಿರುತ್ತದೆ. ಹಳೆಯ ಬಟ್ಟೆಗೆ ಸೀಮೆಎಣ್ಣೆ ಅದ್ದಿ ಗ್ರೀಸು ಒರೆಸಿದರೆ ಕಾಣುತ್ತದೆ. ಸುಜುಕಿ ಮೂಲದ ಸಾಮಾನಿನಲ್ಲಿ ಮೊದಲ ಐದು ಅಂಕಿ ಅದು ಏನೆಂದು ಹೇಳುತ್ತವೆ. 16510 ಎಂದರೆ ಆಯಿಲ್ ಫಿಲ್ಟರು. ಮುಂದಿನ ಅಕ್ಷರ, ಅಂಕಿಗಳು ಯಾವ ಮಾಡೆಲಿಗೆ ಎಂದು ಹೇಳುತ್ತವೆ. ಸೆಲ್ಫ್ ಮೋಟಾರು, ಡೈನಮೋ, ಡಿಸ್ಟ್ರಿಬ್ಯೂಟರಿನ ಮೈಮೇಲೆ ಚೆನ್ನೈನ ಲೂಕಾಸ್-ಟಿವಿಎಸ್‌ನಂಥ ತಯಾರಕರ ತಗಡಿನ ಪಟ್ಟಿ ಇರುತ್ತದೆ, ಅದನ್ನು ಕೀಳಬಾರದು. ಎರಕದ ಭಾಗಗಳಲ್ಲಿ ಒಂದು ಎಚ್ಚರ. ಉಬ್ಬಿಕೊಂಡಿರುವ ನಂಬರು ಅಚ್ಚಿನದು. ಒಂದೇ ಅಚ್ಚಿನಿಂದ ಬಂದ ಎರಕವನ್ನು ಬೇರೆ ಬೇರೆ ರೀತಿ ಕೊರೆದು ಬೇರೆ ಬೇರೆ ಮಾಡೆಲಿಗೆ ಹಾಕಿರುವುದುಂಟು. ಅಂಥವನ್ನು ಬೋಲ್ಟಿನ ತೂತುಗಳ ಅಂತರ ಅಳೆದೇ ಹೇಳಬೇಕು.

ಬಿಚ್ಚದ ಡಬ್ಬಿಯಲ್ಲಿರುವ ಸಾಮಾನು ಸಿಕ್ಕರೆ ಅದನ್ನು ತೊಳೆಯಲೂ ಬೇಡಿ, ಡಬ್ಬಿ ಹರಿಯಲೂ ಬೇಡಿ. ಹಳೆ ಗಾಡಿಯ ಹುಚ್ಚಿನವರು ಇದನ್ನು ಎನ್‌ಒಎಸ್ ಎನ್ನುತ್ತಾರೆ. ಹೊಸದೇ, ಆದರೆ ಹಳೆಯ ಕಾಲದ್ದು. ಆಡುಗೋಡಿಯ ಮೈಕೋ ಕಾರ್ಖಾನೆ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿತು. ಡಬ್ಬಿಯ ಮೇಲೆ ಮೈಕೋ ಎಂದಷ್ಟೇ ಇರುವ ಸ್ಪಾರ್ಕ್ ಪ್ಲಗ್ಗು ಅದಕ್ಕೂ ಹಿಂದಿನದು ಎಂದು ಅಂದಾಜು ಮಾಡಬಹುದು. ನಾಲ್ಕು ಪ್ಲಗ್ಗಿನ ಸೆಟ್ಟು ಅದರದ್ದೇ ಡಬ್ಬಿಯೊಂದಿಗೆ ಇದ್ದರೆ ಅದರ ಲೆಕ್ಕವೇ ಬೇರೆ.

ಈಗ ಹೇಳುವ ಮಾತನ್ನು ಹೆಚ್ಚಿನವರು ಒಪ್ಪುವುದಿಲ್ಲ. ಶೆಡ್ಡು ಖಾಲಿ ಮಾಡುವವರು ಭಾರ ಇದ್ದದ್ದಕ್ಕೇ ಬೆಲೆ ಎಂದು ನಂಬಿ ಎಂಜಿನ್ ಬ್ಲಾಕನ್ನೂ ಗೇರ್‌ಬಾಕ್ಸನ್ನೂ ಜೋಪಾನವಾಗಿ ತೆಗೆದಿಡುತ್ತಾರೆ. ಮಂಕಾದ ಕ್ರೋಮ್ ಪಟ್ಟಿ, ಬಾನೆಟ್ಟಿನ ಲಾಂಛನ, ಬಾಗಿಲ ಹಿಡಿ, ಹಿಂದಿನ ಲೈಟಿನ ಕೆಂಪು ಗಾಜು, ಸ್ಪೀಡೋಮೀಟರು, ದಂತದ ಬಣ್ಣದ ಸ್ಟೀರಿಂಗ್ ಚಕ್ರ ಇವನ್ನು ಗೋಣಿಚೀಲಕ್ಕೆ ತುಂಬಿ ಗುಜರಿಗೆ ಕೊಡುತ್ತಾರೆ. ಅಂಬಾಸಿಡರ್, ಫಿಯಟ್ಟಿನ ಮಟ್ಟಿಗೆ ಇದು ತಿರುಗಾಮುರುಗಾ ಲೆಕ್ಕ. ಈ ಗಾಡಿಗಳು ದಶಕಗಟ್ಟಲೆ ಟ್ಯಾಕ್ಸಿಯಾಗಿ ಓಡಿದವು. ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. ಟ್ಯಾಕ್ಸಿ ಓಡಬೇಕಾದರೆ ಕ್ಲಚ್ ಪ್ಲೇಟು, ಪಿಸ್ಟನ್ ರಿಂಗು, ವಾಟರ್ ಪಂಪು ಬೇಕು, ಅವನ್ನು ಸಣ್ಣಪುಟ್ಟ ಕಾರ್ಖಾನೆಗಳು ಮಾಡಿ ಮಾರುತ್ತ ಬಂದವು. ಕ್ರೋಮ್ ಪಟ್ಟಿ ಉದುರಿದರೆ ಟ್ಯಾಕ್ಸಿಯವರಿಗೆ ಏನಾಗಬೇಕು? ಅದನ್ನು ಯಾರೂ ಮಾಡಲಿಲ್ಲ. ಇವತ್ತು ಗಾಡಿಯನ್ನು ಮೊದಲಿನಂತೆ ನಿಲ್ಲಿಸಬೇಕೆಂದು ಹೊರಟವರು ಎಂಜಿನ್ನನ್ನು ಹೇಗಾದರೂ ಮಾಡಿಸಿಕೊಳ್ಳುತ್ತಾರೆ. ಎಡಗಡೆಯ ಹಿಂಬದಿ ಬಾಗಿಲಿನ ಒಂದು ಹಿಡಿಗಾಗಿ ಊರೂರು ಅಲೆಯುತ್ತಾರೆ.

ಅಲೆದಾಟಕ್ಕೆ ಸರ್ಕಾರದ ನಿಯಮವೂ ಒಂದಿಷ್ಟು ಕಾರಣ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ 'ವಿಎ' ಅಕ್ಷರಗಳಿರುವ ನಂಬರ್ ಪಡೆಯಬಹುದು. ಮೂಲರೂಪ ಎಂಬ ಷರತ್ತು ಇದ್ದಲ್ಲಿ ಮೂಲ ಸಾಮಾನಿಗೆ ಬೇಡಿಕೆ ಇದ್ದೇ ಇರುತ್ತದೆ. 1974ರ ಪದ್ಮಿನಿಗೂ ಈಗ ಐವತ್ತು ತುಂಬಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಾರುಗಳ ಮುಂದೆ ಫೋಟೊ ತೆಗೆಸಿಕೊಳ್ಳುವವರು ಅವನ್ನು ಹಾಗೆ ಇಡಲು ಎಷ್ಟು ಸಣ್ಣಪುಟ್ಟ ತುಣುಕು ಬೇಕಾಗುತ್ತವೆ ಎಂದು ಯೋಚಿಸಿರುವುದು ಕಡಿಮೆ. ಮೈಸೂರಿನವರಿಗೆ ಇದರ ಮಾದರಿ ಮನೆಬಾಗಿಲಲ್ಲೇ ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ, ಯೆಜ್ಡಿ ಬೈಕುಗಳ ಮೂಲ ಸಾಮಾನು ಹುಡುಕಿಕೊಂಡು ಹೊರರಾಜ್ಯದವರೂ ಆ ಊರಿಗೆ ಬರುತ್ತಾರೆ. ಕಾರಿನ ಸಾಮಾನಿನ ಅಡಿಯಲ್ಲಿ ಜಾವಾದ ಪೆಟ್ರೋಲ್ ಟ್ಯಾಂಕೇನಾದರೂ ಸಿಕ್ಕರೆ ಅದನ್ನು ಬೇರೆ ಎತ್ತಿಡಿ.

ಹಾಗೆಂದು ಎಂಜಿನ್ನಿನ ಸಾಮಾನು ಕಸ ಎಂದಲ್ಲ, ಅದರ ಬೆಲೆ ಅಳತೆಯಲ್ಲಿರುತ್ತದೆ. ಕ್ರ್ಯಾಂಕ್ ಶಾಫ್ಟು ಸವೆದಾಗ ಅದನ್ನು ಉಜ್ಜಿ ನುಣುಪು ಮಾಡಿ, ಆದ ಅಂತರಕ್ಕೆ ತಕ್ಕಂತೆ ದಪ್ಪನೆಯ ಬೇರಿಂಗ್ ಹಾಕುತ್ತಾರೆ. ಈ ಅಳತೆ ಏರುವುದು ಇಂಚಿನ ಸಾವಿರ ಪಾಲಿನಲ್ಲಿ ಹತ್ತು ಹತ್ತರ ಲೆಕ್ಕದಲ್ಲಿ. ಮೆಕ್ಯಾನಿಕ್ಕುಗಳ ಬಾಯಲ್ಲಿ ಟೆನ್ ಥೌ, ಟ್ವೆಂಟಿ, ಥರ್ಟಿ. ಸ್ಟ್ಯಾಂಡರ್ಡ್ ಅಳತೆಯಲ್ಲೇ ಇರುವ ಕ್ರ್ಯಾಂಕಿಗೆ ಇನ್ನೂ ಹಲವು ಜನ್ಮಗಳಿವೆ, ಥರ್ಟಿಗೆ ಉಜ್ಜಿದ್ದಕ್ಕೆ ಒಂದು ಉಳಿದಿದ್ದರೆ ಹೆಚ್ಚು. ಬ್ಲಾಕಿನದು ಇದಕ್ಕೆ ಉಲ್ಟಾ. ರೀಬೋರ್ ಮಾಡಿದಷ್ಟೂ ಸಿಲಿಂಡರ್ ಅಗಲವಾಗಿ ಓವರ್ ಸೈಜ್ ಪಿಸ್ಟನ್ ಬೇಕಾಗುತ್ತದೆ. ಹತ್ತಿರದ ಲೇತ್ ಅಂಗಡಿಯಲ್ಲಿ ಮೈಕ್ರೋಮೀಟರ್ ಹಿಡಿಸಿ ಅಳತೆ ಬರೆಸಿಕೊಂಡು ಹೋದರೆ ಕೊಳ್ಳುವವರ ಜತೆ ಮಾತೇ ಬದಲಾಗುತ್ತದೆ. ಸೆಲ್ಫ್ ಮೋಟಾರು, ಆಲ್ಟರ್‌ನೇಟರು, ಸ್ಟೀರಿಂಗ್ ರ‍್ಯಾಕುಗಳು ಕೆಟ್ಟಿದ್ದರೂ ನಡೆಯುತ್ತವೆ. ರಿಪೇರಿ ಮಾಡಿದ್ದನ್ನು ಕೊಟ್ಟು ಕೆಟ್ಟದ್ದನ್ನು ಎಕ್ಸ್‌ಚೇಂಜಿಗೆ ಪಡೆಯುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಒಳಗಿನ ಸುರುಳಿ ಸುಟ್ಟಿದ್ದರೂ ಹೊರಗಿನ ಮೈ ಅವರಿಗೆ ಬೇಕು.

ಇಷ್ಟಾದ ಮೇಲೂ ಉಳಿಯುವುದು ಬಹಳ. ಅದು ತಕ್ಕಡಿಗೇ ಹೋಗಬೇಕು, ಆದರೆ ಒಟ್ಟಿಗೆ ರಾಶಿ ಹಾಕಿ ಕೊಡಬಾರದು. ತಗಡಿಗೆ ಒಂದು ದರ, ಬೀಡಿಗೆ ಒಂದು ದರ, ಅಲ್ಯುಮಿನಿಯಂಗೆ ಅದಕ್ಕಿಂತ ಮೇಲೆ, ಹಿತ್ತಾಳೆ ತಾಮ್ರಕ್ಕೆ ಇನ್ನೂ ಮೇಲೆ. ಕಲಸಿ ಕೊಟ್ಟರೆ ಎಲ್ಲವೂ ಕಬ್ಬಿಣವಾಗುತ್ತದೆ. ಹಳೆಯ ಅಂಬಾಸಿಡರ್, ಫಿಯಟ್ಟಿನ ರೇಡಿಯೇಟರು ತಾಮ್ರ, ಹಿತ್ತಾಳೆಯದು, ಈಚಿನ ಗಾಡಿಗಳದು ಅಲ್ಯುಮಿನಿಯಂ. ಪಿಸ್ಟನ್ನು, ಗೇರ್‌ಬಾಕ್ಸಿನ ಕವಚ ಅಲ್ಯುಮಿನಿಯಂ. ಅಯಸ್ಕಾಂತ ಹಿಡಿದು ನೋಡಿದರೆ ಮಕ್ಕಳೂ ವಿಂಗಡಿಸಬಲ್ಲರು. ವೈರಿನ ತಾಮ್ರ ತೆಗೆಯಲು ಹಿತ್ತಿಲಲ್ಲಿ ಬೆಂಕಿ ಹಾಕುವವರಿದ್ದಾರೆ. ಪಿವಿಸಿ ಸುಟ್ಟ ಹೊಗೆ ವಿಷ, ಸುಟ್ಟ ತಾಮ್ರಕ್ಕೆ ಸಿಗುವ ದರವೂ ಕಡಿಮೆ, ಎರಡು ಕಡೆಯಿಂದಲೂ ನಷ್ಟ. ಅಂಗಡಿಗೆ ಹೋಗುವ ಮೊದಲು ಮನೆಯ ತೂಕದ ಯಂತ್ರದ ಮೇಲೆ ಒಮ್ಮೆ ತೂಗಿಕೊಂಡಿದ್ದರೆ ಅಲ್ಲಿನ ತಕ್ಕಡಿಯೂ ಹದ್ದುಬಸ್ತಿನಲ್ಲಿರುತ್ತದೆ. ಅಂಬಾಸಿಡರಿನ ಹಿಂದಿನ ಸ್ಪ್ರಿಂಗ್ ಪ್ಲೇಟುಗಳನ್ನು ಮಾತ್ರ ಗುಜರಿಗೆ ಹಾಕುವ ಮುಂಚೆ ಊರ ಕಡೆಯ ಕಮ್ಮಾರರನ್ನು ಕೇಳಿ. ಮಚ್ಚು, ಕತ್ತಿ, ಕುಡುಗೋಲಿಗೆ ಆ ಉಕ್ಕಿನಷ್ಟು ಒಳ್ಳೆಯದು ಅವರಿಗೆ ಸುಲಭಕ್ಕೆ ಸಿಗುವುದಿಲ್ಲ.

ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಅದಕ್ಕೇ ಹೊಸ ಬ್ಯಾಟರಿ ಮಾರುವವರು ಹಳೆಯದನ್ನು ಕೇಳಿ ಪಡೆಯುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಮನೆಯ ಕಸದ ಜತೆ ಹೋಗಕೂಡದು. ಆಸಿಡ್ ಚೆಲ್ಲಿ ಹಗುರ ಮಾಡಿ ಒಯ್ಯುವ ಬುದ್ಧಿವಂತಿಕೆ ಬೇಡ. ಹಳೆಯ ಎಂಜಿನ್ ಆಯಿಲನ್ನು ಚರಂಡಿಗೆ ಸುರಿಯುವುದೂ ಬೇಡ. ಅಂಗಳದಲ್ಲಿ ರೇಡಿಯೇಟರ್ ಬೋರಲು ಹಾಕುವ ಮುನ್ನ ನಾಯಿ ಬೆಕ್ಕನ್ನು ಕಟ್ಟಿಹಾಕಿ. ಹಸಿರು ಕೂಲೆಂಟ್ ಸಿಹಿಯಾಗಿರುತ್ತದೆ, ನೆಕ್ಕಿದ ಪ್ರಾಣಿಯ ಮೂತ್ರಪಿಂಡ ಕೆಡುತ್ತದೆ.

ಸೈಲೆನ್ಸರನ್ನು ತಗಡಿನ ದರಕ್ಕೆ ಕೊಡುವ ಮುಂಚೆ ಅದರಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯೇ ನೋಡಿಕೊಳ್ಳಿ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಂದ ಶುರುವಾಗಿ ಈಗ ಎಲ್ಲದರಲ್ಲೂ ಇರುವ ಈ ಉಕ್ಕಿನ ಡಬ್ಬಿಯೊಳಗೆ ಜೇನುಗೂಡಿನಂಥ ಪಿಂಗಾಣಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನ ತೆಳು ಲೇಪ. 2021ರಲ್ಲಿ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟನ್ನೂ ಮೀರಿತ್ತು. ಗುಜರಾತ್, ಮಹಾರಾಷ್ಟ್ರಗಳಲ್ಲಿ ನಿಲ್ಲಿಸಿದ್ದ ಈಕೋ ವ್ಯಾನುಗಳ ಸೈಲೆನ್ಸರನ್ನೇ ಕಳ್ಳರು ಬಿಚ್ಚಿಕೊಂಡು ಹೋಗುತ್ತಿದ್ದುದು ಈ ಲೇಪಕ್ಕಾಗಿ. ಅದೇ ಕಾರಣಕ್ಕೆ, ಬರೀ ಕನ್ವರ್ಟರನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋದರೆ ನಿಮ್ಮನ್ನೂ ಅನುಮಾನದಿಂದ ನೋಡುತ್ತಾರೆ. ಗಾಡಿಯ ಆರ್‌ಸಿ ನಕಲು ಜತೆಗಿರಲಿ.

ಕೆಲವನ್ನು ಯಾವ ಬೆಲೆಗೂ ಮಾರಬಾರದು. ಬ್ರೇಕ್ ಹೋಸು, ವೀಲ್ ಸಿಲಿಂಡರಿನ ರಬ್ಬರು, ಹಳೆಯ ಬ್ರೇಕ್ ಲೈನರು, ಅಪಘಾತದಲ್ಲಿ ಒಮ್ಮೆ ಬಿಗಿದ ಸೀಟ್ ಬೆಲ್ಟು ಇವೆಲ್ಲ ಆ ಪಟ್ಟಿಗೆ ಸೇರಿದವು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ, ಊದಿ ಧೂಳು ಎಬ್ಬಿಸಬೇಡಿ. ಟೈರಿನ ಪಕ್ಕದ ಮೈಯಲ್ಲಿ ನಾಲ್ಕಂಕಿಯ ಗುರುತಿದೆ. 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು. ಎಳೆ ಆಳವಾಗಿದ್ದರೂ ರಬ್ಬರು ಶೆಡ್ಡಿನಲ್ಲಿ ಕೂತೇ ಮುಪ್ಪಾಗಿರುತ್ತದೆ. ಸ್ಟೆಪ್ನಿಯಾಗಿ ಮಾರುವುದಕ್ಕಿಂತ ಹುಲ್ಲಿನ ಮೆದೆಯ ಟಾರ್ಪಾಲಿನ ಮೇಲೆ ಭಾರಕ್ಕೆ ಇಡುವವರಿಗೆ ಕೊಡಿ. ಏರ್‌ಬ್ಯಾಗಿನಲ್ಲಿ ಇರುವುದು ಸ್ಫೋಟಕ, ಬಿಚ್ಚಿ ಮೇಜಿನ ಮೇಲೆ ಇಡುವ ವಸ್ತುವಲ್ಲ. ವ್ಯಾನಿಗೆ ಹಿಂದೆ ಹಾಕಿಸಿದ್ದ ಎಲ್‌ಪಿಜಿ ಟ್ಯಾಂಕು, ಖಾಲಿ ಎಂದು ನಾವೇ ತೀರ್ಮಾನಿಸಿದ ಪೆಟ್ರೋಲ್ ಟ್ಯಾಂಕು ಇದ್ದರೆ ಅದನ್ನು ಒಯ್ಯುವವರಿಗೆ ಬಾಯಿಬಿಟ್ಟು ಹೇಳಿ. ಒಳಗೆ ಉಳಿದ ಆವಿಗೆ ಗ್ಯಾಸ್ ಕಟರಿನ ಜ್ವಾಲೆ ತಗುಲಿದರೆ ಸಾಯುವವರು ಕಟರ್ ಹಿಡಿದ ಹುಡುಗರು.

ಕಂಪನಿಯ ಖಾಲಿ ಡಬ್ಬಿಗಳ ವಿಷಯಕ್ಕೆ ಬಂದರೆ, ಒಳಗೆ ಸಾಮಾನಿಲ್ಲದ ಡಬ್ಬಿಯನ್ನು ಹರಿದು ಹಾಕಿ. ಹೊಲೋಗ್ರಾಂ ಅಂಟಿದ ಡಬ್ಬಿಗೆ ಗಿರಾಕಿಗಳಿದ್ದಾರೆ. ನಾಳೆ ಅದೇ ಡಬ್ಬಿಯಲ್ಲಿ ಡೂಪ್ಲಿಕೇಟ್ ಬ್ರೇಕ್ ಪ್ಯಾಡು ಕೂತು ನಿಮ್ಮದೇ ಗಾಡಿಗೆ ಬರಬಹುದು. ಹಳೆಯ ನಂಬರ್ ಪ್ಲೇಟನ್ನು ಇಡಿಯಾಗಿ ಕೊಡುವುದಂತೂ ಸಲ್ಲದು, ಎರಡು ತುಂಡು ಮಾಡಿ.

ಈಚಿನ ಹತ್ತು ಹದಿನೈದು ವರ್ಷಗಳ ಗಾಡಿಯ ಸಾಮಾನಿಗೆ ಗಿರಾಕಿ ಬೇಗ ಸಿಗುತ್ತಾರೆ. ಸ್ವಿಫ್ಟ್, ಆಲ್ಟೊ, ಇನ್ನೋವಾದ ಬಾಗಿಲು, ಹೆಡ್‌ಲೈಟು, ಎಸಿ ಕಂಪ್ರೆಸರು ಕೇಳುವ ಡೆಂಟಿಂಗ್ ಅಂಗಡಿಗಳು ಬೇಕಾದಷ್ಟಿವೆ. ತೊಡಕು ಇರುವುದು ಎಲೆಕ್ಟ್ರಾನಿಕ್ಸಿನಲ್ಲಿ. ಎಂಜಿನ್ನನ್ನು ನಡೆಸುವ ಇಸಿಎಂ ಪೆಟ್ಟಿಗೆಯೂ ಕೀಲಿಯೊಳಗಿನ ಚಿಪ್ಪೂ ಜೋಡಿಯಾಗಿರುತ್ತವೆ. ಒಂಟಿ ಪೆಟ್ಟಿಗೆಯನ್ನು ಬೇರೆ ಗಾಡಿಗೆ ಹಾಕಿದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಪೆಟ್ಟಿಗೆ, ಕೀಲಿ, ಕೀಲಿಯ ಸುತ್ತಲಿನ ಉಂಗುರ ಮೂರನ್ನೂ ಸೆಟ್ಟಾಗಿ ಕೊಟ್ಟರೆ ಕೊಳ್ಳುವವರ ಕೆಲಸ ಹಗುರ.

ಮಾರುವಾಗ ಸಾಮಾನಿಗೆ ಬಣ್ಣ ಹೊಡೆಯಬೇಡಿ. ಹೊಸ ಕಪ್ಪು ಬಣ್ಣ ಕಂಡರೆ ತಿಳಿದವರು ಮೊದಲು ಹುಡುಕುವುದು ಅದರಡಿಯ ಬಿರುಕನ್ನು. ಫೋಟೊದಲ್ಲಿ ನಂಬರು, ಬೋಲ್ಟಿನ ತೂತು, ಮುರಿದ ಮೂಲೆ ಮೂರೂ ಕಾಣಲಿ. ಪಕ್ಕದಲ್ಲೊಂದು ಸ್ಕೇಲು ಇಟ್ಟಿದ್ದರೆ ಹತ್ತು ಫೋನ್ ಕರೆ ಉಳಿಯುತ್ತವೆ. ಎಡ, ಬಲ ಹೇಳುವಾಗ ಗಾಡಿಯೊಳಗೆ ಕೂತವರ ಲೆಕ್ಕ. ಎದುರು ನಿಂತು ನೋಡಿದವರು ಬಲ ಎಂದದ್ದನ್ನು ಕೊಳ್ಳುವವರು ಎಡ ಎಂದುಕೊಂಡು ಜಗಳವಾಗುವುದು ದಿನದ ಮಾತು. ಅದಕ್ಕೇ ಮೆಕ್ಯಾನಿಕ್ಕುಗಳು ಡ್ರೈವರ್ ಸೈಡು, ಕ್ಲೀನರ್ ಸೈಡು ಎನ್ನುತ್ತಾರೆ. ಕಾರಿಗೆ ಕ್ಲೀನರ್ ಎಲ್ಲಿಂದ ಬಂದ ಎಂದು ಕೇಳಬಾರದು.

ಎಲ್ಲವನ್ನೂ ಬಿಡಿಬಿಡಿಯಾಗಿ ಮಾರುತ್ತೇನೆಂಬ ಹಟ ಬೇಡ. ನನ್ನ ಲೆಕ್ಕದಲ್ಲಿ ಒಳ್ಳೆಯ ಐದಾರು ಸಾಮಾನನ್ನು ಹಳೆ ಗಾಡಿಯ ಬಳಗದವರಿಗೋ ಪರಿಚಯದ ಮೆಕ್ಯಾನಿಕ್ಕಿಗೋ ಬಿಡಿಯಾಗಿ ಮಾರಿ, ಮಧ್ಯಮದ್ದನ್ನು ಶಿವಾಜಿನಗರದವರಿಗೆ ಲಾಟಿನಲ್ಲಿ ಕೊಟ್ಟು, ಉಳಿದದ್ದನ್ನು ತೂಕಕ್ಕೆ ಹಾಕುವುದು ಸರಿ. ಲಾಟಿನಲ್ಲಿ ಒಂದಾದರೂ ಆಸೆ ಹುಟ್ಟಿಸುವ ಸಾಮಾನು ಇರಬೇಕು, ಇಲ್ಲದಿದ್ದರೆ ಯಾರೂ ಟೆಂಪೊ ತರುವುದಿಲ್ಲ. ಪರವೂರಿನ ಗಿರಾಕಿಗೆ ಕಳಿಸಲು ಕಲಾಸಿಪಾಳ್ಯದ ಟ್ರಾನ್ಸ್‌ಪೋರ್ಟ್ ಕಚೇರಿಗಳಿವೆ, ಸಣ್ಣದಾದರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೊ ಇದೆ. ಗಾಜು ಮಾತ್ರ ಕೊಳ್ಳುವವರೇ ಬಂದು ಒಯ್ಯಲಿ. ಆನ್‌ಲೈನಿನಲ್ಲಿ ಹಾಕಿದ ಅರ್ಧ ಗಂಟೆಯೊಳಗೆ, ಚೌಕಾಸಿಯನ್ನೇ ಮಾಡದೆ, ತಾನು ಸೈನ್ಯದಲ್ಲಿದ್ದೇನೆ, ಹಣ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುವ ಗಿರಾಕಿಯ ಫೋನ್ ಬಂದರೆ ಇಟ್ಟುಬಿಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಪಿನ್ ಕೇಳಿತೆಂದರೆ ಹಣ ಹೋಗುತ್ತಿರುವುದು ನಿಮ್ಮದು.

ಇನ್ನು ಕಾಗದಪತ್ರ. ಉತ್ತರ ಪ್ರದೇಶದ ಮೇರಠ್‌ನಲ್ಲಿ ಸೋತಿಗಂಜ್ ಎಂಬ ಮಾರುಕಟ್ಟೆಯಿತ್ತು. ಕದ್ದ ಗಾಡಿಗಳನ್ನು ಬಿಚ್ಚಿ ಮಾರುವುದಕ್ಕೆ ಹೆಸರಾಗಿದ್ದ ಅದನ್ನು 2021ರಲ್ಲಿ ಪೊಲೀಸರು ಮುಚ್ಚಿಸಿದರು. ಕದ್ದ ಮಾಲು ಎಂದು ಗೊತ್ತಿದ್ದೂ ಕೊಳ್ಳುವುದು ಹಿಂದೆ ಐಪಿಸಿಯ 411ನೇ ಸೆಕ್ಷನ್ನಿಗೆ ಬರುತ್ತಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 317ಕ್ಕೆ ಬರುತ್ತದೆ. ಮರ್ಯಾದಸ್ಥ ಅಂಗಡಿಯವರು ಎಂಜಿನ್ ಕೊಳ್ಳುವಾಗ ದಾಖಲೆ ಕೇಳುವುದು ಇದಕ್ಕೇ. ಎಂಜಿನ್ ನಂಬರು ಆರ್‌ಸಿಯಲ್ಲಿ ದಾಖಲಾಗಿರುತ್ತದೆ, ಅದನ್ನು ಬೇರೆ ಗಾಡಿಗೆ ಹಾಕಿದವರು ಆರ್‌ಟಿಒಗೆ ಲೆಕ್ಕ ಕೊಡಬೇಕು. ಆದ್ದರಿಂದ ಎಂಜಿನ್ ಮಾರಿದರೆ ದಿನಾಂಕ, ಎಂಜಿನ್ ನಂಬರು, ಕೊಂಡವರ ಹೆಸರು, ವಿಳಾಸ ಬರೆದು ಇಬ್ಬರೂ ಸಹಿ ಮಾಡಿದ ಎರಡು ಪ್ರತಿ ಮಾಡಿಕೊಳ್ಳಿ. ಗುರುತಿಗೆ ಆಧಾರ್ ಕೊಡುವುದಾದರೆ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ವೀಲ್ ಕಪ್ಪಿಗೆ ಇಷ್ಟೆಲ್ಲ ಬೇಡ.

ಶೆಡ್ಡಿನಲ್ಲಿ ಇರುವುದು ಸಾಮಾನಷ್ಟೇ ಆಗಿರದೆ, ನಾಲ್ಕೂ ಟೈರು ಕೂತುಹೋದ ಇಡೀ ಕಾರೇ ಆಗಿದ್ದರೆ ದಾರಿ ಬೇರೆ. ಅದನ್ನು ಮನೆಯಂಗಳದಲ್ಲಿ ಕತ್ತರಿಸಿ ಮಾರುವ ಹಾಗಿಲ್ಲ. 2021ರ ನಿಯಮಗಳಂತೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಒಪ್ಪಿಸಿದರೆ ಅಲ್ಲಿ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ತೋರಿಸಿ ಹೊಸ ಖಾಸಗಿ ವಾಹನ ಕೊಂಡರೆ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ಅಧಿಸೂಚನೆ ರಾಜ್ಯಗಳಿಗೆ ಅವಕಾಶ ಮಾಡಿದೆ. ಗಾಡಿ ನಾಶವಾಗಿದ್ದರೆ ಅಥವಾ ಇನ್ನೆಂದೂ ಓಡದ ಸ್ಥಿತಿಯಲ್ಲಿದ್ದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಹದಿನಾಲ್ಕು ವರ್ಷ ಕಳೆದರೂ ತಿಳಿಸದವರೇ ನಮ್ಮಲ್ಲಿ ಹೆಚ್ಚು. ಬ್ಯಾಂಕ್ ಸಾಲದ ನಮೂದು ಆರ್‌ಸಿಯಲ್ಲಿ ಇನ್ನೂ ಉಳಿದಿದ್ದರೆ ಅದನ್ನು ಮೊದಲು ತೆಗೆಸಬೇಕು, ಬಾಕಿ ದಂಡವಿದ್ದರೆ ಕಟ್ಟಬೇಕು, ಫಾಸ್ಟ್ಯಾಗ್ ಇದ್ದರೆ ಮುಚ್ಚಿಸಬೇಕು. ಆರ್‌ಸಿ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇದ್ದರೆ ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಜತೆಗೆ ಅಣ್ಣತಮ್ಮ ಅಕ್ಕತಂಗಿಯರ ಒಪ್ಪಿಗೆಯ ಸಹಿ ಬೇಕಾಗುತ್ತದೆ. ಒಬ್ಬರು ಹುಬ್ಬಳ್ಳಿಯಲ್ಲಿ, ಒಬ್ಬರು ಹ್ಯೂಸ್ಟನ್ನಿನಲ್ಲಿ ಇರುತ್ತಾರೆ. ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುವುದು ಈ ಸಹಿಗಳೇ. ಸಾಮಾನು ಅಂಗಳಕ್ಕೆ ತೆಗೆಯುವ ಮೊದಲೇ ಅವರಿಗೆಲ್ಲ ಫೋನ್ ಮಾಡಿ.